ಲೇಸ್ ಹೆಣಿಗೆ ಎಲ್ಲಿ ಕೈಕೊಟ್ಟಿತು? ಸ್ವಂತ ಡಿಸೈನ್ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಹೋದ ಧನುರ್ಮಾಸದಲ್ಲಿ ಹನುಮಂತನಗರದ ಚಿಕ್ಕಮ್ಮನ ಮನೆ ಬಾಗಿಲಲ್ಲಿ ಒಂದು ಚುಕ್ಕಿ ರಂಗೋಲಿ ನೋಡಿದೆ. ನಡುವೆ ಏಳು ಚುಕ್ಕಿ, ಮೇಲೂ ಕೆಳಗೂ ಒಂದೊಂದೇ ಕಡಿಮೆಯಾಗುತ್ತಾ ಒಂದಕ್ಕೆ ಮುಗಿಯುವಂಥದ್ದು. ಇದನ್ನೇ ಶಾಲಿನ ಮೇಲೆ ತೂತುಗಳಾಗಿ ತಂದರೆ ಹೇಗಿರುತ್ತದೆ ಅಂತ ಗ್ರಾಫ್ ಹಾಳೆ ಹಿಡಿದು ಕೂತೆ. ಮೂರು ವಾರ ಹೆಣೆದು ಒಯ್ದು ತೋರಿಸಿದೆ. ಚಿಕ್ಕಮ್ಮ ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಏನೇ ಇದು, ರಂಗೋಲಿನೋ, ಯಾರೋ ತುಳಿದುಬಿಟ್ಟ ರಂಗೋಲಿನೋ?"

ಆ ಒಂದು ಶಾಲಿನಲ್ಲಿ ನಾಲ್ಕು ರೋಗ ಇದ್ದವು. ನಾಲ್ಕಕ್ಕೂ ಕಾರಣ ಬೇರೆ ಬೇರೆ. ಬಿಚ್ಚಿ, ಮತ್ತೆ ಹೆಣೆದು, ಮತ್ತೆ ಬಿಚ್ಚಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಟ್, ಪರ್ಲ್ ಬರುತ್ತದೆ, ಒಂದೆರಡು ಲೇಸ್ ಡಿಸೈನ್ ಮಾಡಿ ನೋಡಿದ್ದೀರಿ, ಈಗ ಸ್ವಂತದ್ದು ಮಾಡಬೇಕು ಅಂತ ಹೊರಟಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ.

ಹೆಸರುಗಳ ಬಗ್ಗೆ ಒಂದು ಮಾತು. ತೂತು ಬರಲು ಕಡ್ಡಿಗೆ ದಾರ ಸುತ್ತಿಕೊಳ್ಳುವುದಕ್ಕೆ ಯಾರ್ನ್ ಓವರ್ ಅನ್ನುತ್ತಾರಲ್ಲ, ಅದಕ್ಕೆ ನಮ್ಮ ಮನೆಯಲ್ಲಿ "ದಾರ ಮುಂದೆ" ಅಂತಲೇ ಹೆಸರು. ಎರಡು ಕುಣಿಕೆ ಸೇರಿಸಿ ಒಂದು ಮಾಡಿದರೆ "ಎರಡಕ್ಕೊಂದು", ಮೂರು ಸೇರಿಸಿದರೆ "ಮೂರಕ್ಕೊಂದು". ಇಲ್ಲೂ ಹಾಗೇ ಬರೆಯುತ್ತೇನೆ.

ಬಿಚ್ಚುವ ಮೊದಲು ಇದನ್ನು ನೋಡಿ

ತಪ್ಪು ಒಂದೇ ಜಾಗದಲ್ಲಿ ಇದೆಯಾ, ಪ್ರತಿ ರಿಪೀಟ್‌ನಲ್ಲೂ ಅದೇ ಜಾಗದಲ್ಲಿ ಇದೆಯಾ? (ಮತ್ತೆ ಮತ್ತೆ ಬರುವ ಡಿಸೈನಿನ ಒಂದು ತುಂಡಿಗೆ ರಿಪೀಟ್ ಅನ್ನುತ್ತಾರೆ.) ಒಂದೇ ಜಾಗದಲ್ಲಿದ್ದರೆ ಅದು ಕೈ ತಪ್ಪು. ಎಲ್ಲ ರಿಪೀಟ್‌ನಲ್ಲೂ ಇದ್ದರೆ ನಿಮ್ಮ ಕೈ ಸರಿಯಾಗಿದೆ, ಚಾರ್ಟ್, ಅಂದರೆ ಗ್ರಾಫ್ ಹಾಳೆಯಲ್ಲಿ ಬರೆದುಕೊಂಡ ಡಿಸೈನ್, ತಪ್ಪು. ಸುಮ್ನೆ ಮತ್ತೆ ಹೆಣೆದರೆ ಅದೇ ತಪ್ಪು ಇನ್ನಷ್ಟು ಅಚ್ಚುಕಟ್ಟಾಗಿ ಬರುತ್ತದೆ, ಅಷ್ಟೇ. ಬೇರೆಯವರ ಡಿಸೈನ್ ಹೆಣೆಯುವಾಗ ನಾವು ಚಾರ್ಟನ್ನು ಅನುಮಾನಿಸುವುದೇ ಇಲ್ಲ. ಸ್ವಂತದ್ದಕ್ಕೆ ಕೂತಾಗ ಮೊದಲು ಬಿಡಬೇಕಾದದ್ದು ಈ ಅಭ್ಯಾಸ.

ಇನ್ನೂ ಅನುಮಾನ ಇದ್ದರೆ ಅದೇ ದಾರ, ಅದೇ ಕಡ್ಡಿಯಲ್ಲಿ ಹಳೆಯ, ಪಳಗಿದ ಡಿಸೈನ್ ಒಂದನ್ನು ಹಾಕಿ ನೋಡಿ. ನಾನು ಫೆದರ್ ಅಂಡ್ ಫ್ಯಾನ್ ಹಾಕುತ್ತೇನೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಇದಕ್ಕೆ ಓಲ್ಡ್ ಶೇಲ್ ಅನ್ನುತ್ತಾರೆ. ಅಗಲಕ್ಕೆ 18 ಕುಣಿಕೆ, ಎತ್ತರಕ್ಕೆ 4 ಸಾಲು. ಮೊದಲ ಸಾಲು ನಿಟ್. ಎರಡನೆಯದು ಪರ್ಲ್. ಮೂರನೆಯದರಲ್ಲಿ ಎರಡಕ್ಕೊಂದು 3 ಸಲ, ಆಮೇಲೆ "ದಾರ ಮುಂದೆ, ಒಂದು ನಿಟ್" 6 ಸಲ, ಮತ್ತೆ ಎರಡಕ್ಕೊಂದು 3 ಸಲ. ನಾಲ್ಕನೆಯದು ನಿಟ್. ಆರು ಕುಣಿಕೆ ಹೋಗುತ್ತವೆ, ಆರು ಬರುತ್ತವೆ. 36 ಕುಣಿಕೆ ಹಾಕಿಕೊಂಡು 12 ಸಾಲು ಮಾಡಿದರೆ ಸಾಕು. ಇದು ಚೆನ್ನಾಗಿ ಬಂದರೆ ದಾರ, ಕಡ್ಡಿ, ಕೈ ಮೂರೂ ಸರಿ ಇವೆ. ತಪ್ಪು ಹುಡುಕಬೇಕಾದದ್ದು ಗ್ರಾಫ್ ಹಾಳೆಯಲ್ಲಿ.

ಕುಣಿಕೆಗಳ ಲೆಕ್ಕ ಕೂಡುತ್ತಿಲ್ಲ

ಎಣಿಸುವುದನ್ನು ಹಿಂಬದಿಯ ಪರ್ಲ್ ಸಾಲಿನಲ್ಲಿ ಮಾಡಿ. ತೂತಿನ ಸಾಲಿನ ಮಧ್ಯೆ ಎಣಿಸಿದರೆ ಕಣ್ಣು ಮೋಸ ಮಾಡುತ್ತದೆ. ಪ್ರತಿ ರಿಪೀಟ್‌ನ ಕೊನೆಗೆ ಬೇರೆ ಬಣ್ಣದ ದಾರದ ಉಂಗುರ ಹಾಕಿಟ್ಟರೆ 200 ಕುಣಿಕೆ ಎಣಿಸುವ ಬದಲು ತಪ್ಪಿರುವ ಒಂದು ರಿಪೀಟನ್ನು ಮಾತ್ರ ಎಣಿಸಬಹುದು.

ಒಂದು ಕುಣಿಕೆ ಕಡಿಮೆ ಬಂದರೆ ಹೆಚ್ಚಿನ ಸಲ "ದಾರ ಮುಂದೆ" ಮರೆತಿರುತ್ತೀರಿ. ಬಿಚ್ಚಬೇಕಿಲ್ಲ. ತೂತು ಬರಬೇಕಿದ್ದ ಜಾಗದಲ್ಲಿ ಎರಡು ಕುಣಿಕೆಗಳ ನಡುವೆ ಒಂದು ಅಡ್ಡ ದಾರ ಕಾಣುತ್ತದೆ. ಅದನ್ನು ಎಡಗೈ ಕಡ್ಡಿಗೆ ಎತ್ತಿಕೊಂಡು, ತಿರುಚದೆ ಹೆಣೆಯಿರಿ. ಆ ತೂತು ಸ್ವಲ್ಪ ಚಿಕ್ಕದಾಗಿರುತ್ತದೆ, ತೊಳೆದು ಹರಡಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಜಾಸ್ತಿ ಬಂದರೆ ಎರಡಕ್ಕೊಂದು ತಪ್ಪಿದೆ, ಇಲ್ಲವೇ ಪರ್ಲ್ ಆದ ಮೇಲೆ ದಾರ ಮುಂದೆಯೇ ಉಳಿದು ಬೇಡದ ಕಡೆ ಕುಣಿಕೆ ಹುಟ್ಟಿದೆ. ಎರಡನೆಯದಾದರೆ ಆ ಕುಣಿಕೆಯನ್ನು ಕಡ್ಡಿಯಿಂದ ಜಾರಿಸಿಬಿಟ್ಟರೆ ಮುಗಿಯಿತು.

ಪ್ರತಿ ರಿಪೀಟ್‌ನಲ್ಲೂ ಒಂದೊಂದು ತಪ್ಪುತ್ತಿದೆಯಾ? ಹಾಗಾದರೆ ಚಾರ್ಟ್ ತೆಗೆಯಿರಿ. ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಎಷ್ಟು ಕುಣಿಕೆ ಹುಟ್ಟಿತು, ಎಷ್ಟು ಹೋಯಿತು ಬರೆಯಿರಿ. ಪ್ರತಿ ತೂತಿಗೂ ಎಲ್ಲೋ ಒಂದು ಕಡೆ ಅದರ ಜೋಡಿ ಇರಲೇಬೇಕು. ನಾನು ಎಡವಿದ್ದು ಮೂರಕ್ಕೊಂದರಲ್ಲಿ. ರಂಗೋಲಿಗಳ ನಡುವೆ ತುಂಬಲು ಹಾಕಿದ್ದ ಎಲೆಯ ತುದಿಯಲ್ಲಿ ಅದು ಇತ್ತು. ಅದು ಎರಡು ಕುಣಿಕೆ ನುಂಗುತ್ತದೆ, ನಾನು ಒಂದು ಅಂತ ಲೆಕ್ಕ ಹಾಕಿದ್ದೆ. ಶಾಲು ಗೋಪುರದ ಹಾಗೆ ಕಿರಿದಾಗತೊಡಗಿತು. ಕಾರಣ ಹುಡುಕುವುದು ಬಿಟ್ಟು ಅಂಚಿನಲ್ಲಿ ಕದ್ದು ಕದ್ದು ಕುಣಿಕೆ ಸೇರಿಸಿದೆ. ಹಾಗೆ ಮಾತ್ರ ಮಾಡಬೇಡಿ. ಅಗಲ ಸರಿ ಹೋಗುತ್ತದೆ, ಡಿಸೈನ್ ಮಾತ್ರ ಸಾಲಿನಿಂದ ಸಾಲಿಗೆ ಸರಿದುಕೊಂಡು ಹೋಗುತ್ತದೆ.

ಕೆಲವು ಡಿಸೈನ್‌ಗಳಲ್ಲಿ ಒಂದು ಸಾಲಿನಲ್ಲಿ ಹೆಚ್ಚಿದ ಕುಣಿಕೆ ನಾಲ್ಕು ಸಾಲು ಆದ ಮೇಲೆ ಇಳಿಯುತ್ತದೆ. ಅದು ತಪ್ಪಲ್ಲ. ಎಲ್ಲಿ ಲೆಕ್ಕ ಸರಿಹೋಗುತ್ತದೋ ಆ ಸಾಲಿಗೆ ಗುರುತು ಹಾಕಿ, ಅಲ್ಲಿ ಮಾತ್ರ ಎಣಿಸಿ.

ತೂತು ಮುಚ್ಚಿಕೊಂಡಿದೆ, ಇಲ್ಲವೇ ಬಾಯಿ ಬಿಟ್ಟಿದೆ

ಒಂದೇ ತೂತು ಮುಚ್ಚಿದ್ದರೆ ಕಣ್ಣ ಹತ್ತಿರ ಹಿಡಿದು ಬುಡ ನೋಡಿ. ಕುಣಿಕೆಯ ಎರಡು ಕಾಲು ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಅದು ತಿರುಚಿಕೊಂಡಿದೆ. ದಾರವನ್ನು ಉಲ್ಟಾ ಸುತ್ತಿದ್ದೀರಿ, ಅಥವಾ ವಾಪಸ್ ಬರುವಾಗ ಹಿಂದಿನ ಕಾಲಿಗೆ ಕಡ್ಡಿ ಹಾಕಿದ್ದೀರಿ. ಕಡ್ಡಿಯ ಮೇಲಿರುವಾಗ ಕುಣಿಕೆಯ ಬಲಗಾಲು ನಿಮ್ಮ ಕಡೆ, ಅಂದರೆ ಕಡ್ಡಿಯ ಮುಂದೆ ಇರಬೇಕು. ಇಷ್ಟನ್ನು ಕಣ್ಣಿಗೆ ರೂಢಿ ಮಾಡಿಕೊಂಡರೆ ಅರ್ಧ ತೊಂದರೆ ಹೋದ ಹಾಗೆ.

ದೊಡ್ಡ ತೂತಿಗೆ ಅಂತ ಎರಡು ಸಲ ದಾರ ಸುತ್ತಿದ್ದರೆ ವಾಪಸ್ ಬರುವಾಗ ಆ ಜೋಡಿ ಸುತ್ತಿನಲ್ಲಿ ಒಂದು ನಿಟ್, ಒಂದು ಪರ್ಲ್ ಮಾಡಬೇಕು. ಎರಡೂ ಪರ್ಲ್ ಮಾಡಿದರೆ ಎರಡನೆಯದು ನಿಲ್ಲದೆ ಬಿಚ್ಚಿಹೋಗುತ್ತದೆ.

ಎಲ್ಲ ತೂತುಗಳೂ ಮಸುಕಾಗಿವೆಯಾ? ಹಾಗಾದರೆ ಕಡ್ಡಿ ಸಣ್ಣದಾಯಿತು. ಸ್ವೆಟರ್‌ಗೆ ಬಳಸುವುದಕ್ಕಿಂತ ಒಂದೆರಡು ಸೈಜ್ ದಪ್ಪ ಕಡ್ಡಿ ಲೇಸ್‌ಗೆ ಬೇಕು. ಇಲ್ಲೊಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರ್ ಇರುತ್ತದೆ. ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ನಮ್ಮ 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ಅಮೆರಿಕದ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ 8 ಅಂದರೆ 5 ಮಿ.ಮೀ., 10 ಅಂದರೆ 6 ಮಿ.ಮೀ. ಯೂಟ್ಯೂಬ್‌ನಲ್ಲಿ "ನಂಬರ್ 10 ಕಡ್ಡಿ" ಅಂದದ್ದನ್ನು ಕೇಳಿ ಚಿಕ್ಕಪೇಟೆಯಲ್ಲಿ ನಂಬರ್ 10 ಕೊಂಡರೆ ಲೇಸ್ ಬದಲು ಗೋಣಿತಟ್ಟು ಬರುತ್ತದೆ. ನಂಬರ್ ಕೇಳಬೇಡಿ, ಮಿಲಿಮೀಟರ್ ಕೇಳಿ.

ಕಾಗದದ ಮೇಲೆ ಚೆಂದ, ದಾರದಲ್ಲಿ ಗಿಡ್ಡ

ತುಳಿದ ರಂಗೋಲಿಯ ಕಥೆ ಇದೇ. ಸ್ವಂತ ಡಿಸೈನ್ ಮಾಡುವವರು ಹೆಚ್ಚು ಬೇಜಾರಾಗುವುದೂ ಇಲ್ಲೇ, ಯಾಕೆಂದರೆ ಲೆಕ್ಕ ಸರಿ ಇರುತ್ತದೆ, ಒಂದು ಕುಣಿಕೆಯೂ ತಪ್ಪಿರುವುದಿಲ್ಲ, ಆದರೂ ನೋಡಲು ಸೊಟ್ಟ.

ಗ್ರಾಫ್ ಹಾಳೆಯ ಮನೆ ಚೌಕ. ಹೆಣಿಗೆಯ ಕುಣಿಕೆ ಚೌಕ ಅಲ್ಲ, ಎತ್ತರಕ್ಕಿಂತ ಅಗಲ ಜಾಸ್ತಿ. ನನ್ನ ಸ್ಯಾಂಪಲ್ ತುಂಡಿನಲ್ಲಿ 10 ಸೆಂ.ಮೀ. ಅಗಲಕ್ಕೆ 20 ಕುಣಿಕೆ, 10 ಸೆಂ.ಮೀ. ಎತ್ತರಕ್ಕೆ 28 ಸಾಲು ಬಂದಿತ್ತು. ಅಂದರೆ 5 ಕುಣಿಕೆಯ ಅಗಲಕ್ಕೆ ಸಮ ಆಗಲು 7 ಸಾಲು ಬೇಕು. ನಾನು ಚುಕ್ಕಿಗೂ ಚುಕ್ಕಿಗೂ 4 ಮನೆ ಬಿಟ್ಟಿದ್ದೆ, ಸಾಲಿಗೂ ಸಾಲಿಗೂ 2 ಮನೆ. ಏಳು ಚುಕ್ಕಿಯ ಅಗಲ 24 ಮನೆ, ಹದಿಮೂರು ಸಾಲಿನ ಎತ್ತರವೂ 24 ಮನೆ. ಕಾಗದದಲ್ಲಿ ಚೊಕ್ಕವಾದ ವಜ್ರದಾಕಾರ. ಹೆಣೆದಾಗ ಅಗಲ 12 ಸೆಂ.ಮೀ., ಎತ್ತರ 8.6 ಸೆಂ.ಮೀ. ಮಾತ್ರ. ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ.

ಸರಿ, ಸಾಲು ಹೆಚ್ಚಿಸಿದರಾಯಿತು ಅಲ್ವಾ? ಅಷ್ಟು ಸುಲಭ ಇಲ್ಲ. ತೂತು ಬರುವುದು ಮುಂಬದಿಯ ಸಾಲಿನಲ್ಲಿ ಮಾತ್ರ, ಹಿಂಬದಿ ಬರೀ ಪರ್ಲ್. ಹಾಗಾಗಿ ಚುಕ್ಕಿ ಸಾಲುಗಳ ಅಂತರ 2 ಇರಬೇಕು, ಇಲ್ಲವೇ 4. ಮೂರು ಆಗುವುದಿಲ್ಲ. 2 ಹಾಕಿದರೆ ಗಿಡ್ಡ. 4 ಹಾಕಿದರೆ 48 ಸಾಲಾಗಿ 17 ಸೆಂ.ಮೀ. ಉದ್ದದ ಪಡವಲಕಾಯಿ. ಕೊನೆಗೆ ದಾರಿ ಸಿಕ್ಕಿದ್ದು ಅಡ್ಡಕ್ಕೆ. ಚುಕ್ಕಿಗೂ ಚುಕ್ಕಿಗೂ 6 ಕುಣಿಕೆ ಬಿಟ್ಟು, ಮುಂದಿನ ಸಾಲಿನ ಚುಕ್ಕಿಯನ್ನು 3 ಕುಣಿಕೆ ಸರಿಸಿ, ಸಾಲುಗಳ ಅಂತರ 4 ಮಾಡಿದೆ. ಅಗಲ 36 ಕುಣಿಕೆ, 18 ಸೆಂ.ಮೀ. ಎತ್ತರ 48 ಸಾಲು, 17 ಸೆಂ.ಮೀ. ಚಿಲ್ಲರೆ. ಕಣ್ಣಿಗೆ ಚೌಕವೇ.

ಇದರ ಉಲ್ಟಾ ರೋಗವೂ ಇದೆ. ಕೆಲವರು ಚಾರ್ಟ್‌ನಲ್ಲಿ ಮುಂಬದಿ ಸಾಲು ಮಾತ್ರ ಬರೆಯುತ್ತಾರೆ, ಪರ್ಲ್ ಸಾಲನ್ನು ಬಿಟ್ಟುಬಿಡುತ್ತಾರೆ. ಆಗ ಒಂದು ಮನೆ ಎಂದರೆ ಎರಡು ಸಾಲು. ಕಾಗದದಲ್ಲಿ 45 ಡಿಗ್ರಿಗೆ ಎಳೆದ ಓರೆ ಗೆರೆ ಬಟ್ಟೆಯಲ್ಲಿ ಸುಮಾರು 55 ಡಿಗ್ರಿಗೆ ನೆಟ್ಟಗೆ ನಿಲ್ಲುತ್ತದೆ. ಹೂವು ಗಿಡ್ಡ ಆದರೆ ಎಲ್ಲ ಸಾಲು ಬರೆದ ಚಾರ್ಟ್, ಉದ್ದ ಆದರೆ ಅರ್ಧ ಸಾಲು ಬರೆದ ಚಾರ್ಟ್ ಅಂತ ಮೊದಲು ಅನುಮಾನಿಸಿ.

ಅಳತೆಯನ್ನು ಸ್ಯಾಂಪಲ್ ತುಂಡನ್ನು ತೊಳೆದು, ಹರಡಿ, ಒಣಗಿಸಿದ ಮೇಲೆ ತೆಗೆಯಿರಿ. ಕಡ್ಡಿಯ ಮೇಲಿರುವ ಲೇಸ್ ಒಣಗಿದ ಅಂಜೂರದ ಥರ ಮುದುಡಿರುತ್ತದೆ. ಅದನ್ನು ಅಳೆದು ಏನೂ ಸಿಗುವುದಿಲ್ಲ.

ಇನ್ನೊಂದು ನನ್ನ ಅಭಿಪ್ರಾಯ ಅಷ್ಟೇ: ಚುಕ್ಕಿಗಳ ಸುತ್ತ ಬಳಸಿಕೊಂಡು ಹೋಗುವ ಎಳೆ ರಂಗೋಲಿಯನ್ನು ಲೇಸ್‌ಗೆ ತರಲು ಹೋಗಬೇಡಿ. ಲೇಸ್‌ಗೆ ಓರೆ ಗೆರೆ ಬರುತ್ತದೆ, ದುಂಡು ಬರುವುದಿಲ್ಲ. ಚುಕ್ಕಿಯನ್ನೇ ತೂತು ಮಾಡಿ, ಗೆರೆ ಬಿಟ್ಟುಬಿಡಿ. ಬೆಳಕಿಗೆ ಹಿಡಿದಾಗ ಗೆರೆಯನ್ನು ಕಣ್ಣೇ ಎಳೆದುಕೊಳ್ಳುತ್ತದೆ.

ಬಟ್ಟೆ ಒಂದು ಕಡೆಗೆ ವಾಲುತ್ತಿದೆ

ಮೊದಲ ಅನುಮಾನ ದಾರದ ಮೇಲೆ. ಅದೇ ದಾರದಲ್ಲಿ ತೂತೇ ಇಲ್ಲದ ತುಂಡು ಹೆಣೆಯಿರಿ, ಒಂದು ಸಾಲು ನಿಟ್, ಒಂದು ಸಾಲು ಪರ್ಲ್. ಅದೂ ವಾಲಿದರೆ ದಾರದ ಹುರಿ ಜಾಸ್ತಿ. ಒಂದೇ ಎಳೆಯ ದಾರಗಳಲ್ಲಿ ಇದು ಸಾಮಾನ್ಯ. ಡಿಸೈನ್ ತಿದ್ದಿ ಪ್ರಯೋಜನ ಇಲ್ಲ, ದಾರ ಬದಲಿಸಿ.

ಸಾದಾ ತುಂಡು ನೆಟ್ಟಗಿದ್ದರೆ ಜೋಡಿಗಳನ್ನು ನೋಡಿ. ತೂತಿಗೂ ಅದರ ಎರಡಕ್ಕೊಂದಕ್ಕೂ ನಡುವೆ ಇರುವ ಕುಣಿಕೆಗಳು ತೂತಿನಿಂದ ದೂರ, ಎರಡಕ್ಕೊಂದರ ಕಡೆಗೆ ವಾಲುತ್ತವೆ. ಎಲ್ಲ ಜೋಡಿಯೂ ಒಂದೇ ದಿಕ್ಕಿಗಿದ್ದರೆ ಇಡೀ ಬಟ್ಟೆ ಸಮಾಂತರ ಚತುರ್ಭುಜ ಆಗುತ್ತದೆ. ನನ್ನ ಶಾಲಿನ ಎರಡು ತುದಿಯ ಜಾಲರಿ ಹೀಗೇ ಆಗಿತ್ತು: ಎಲ್ಲ ಸಾಲಿನಲ್ಲೂ "ದಾರ ಮುಂದೆ, ಎರಡಕ್ಕೊಂದು", ಅದೇ ಕ್ರಮ. ಒಂದು ಸಾಲು ಹೀಗೆ, ಮುಂದಿನ ತೂತಿನ ಸಾಲು ತಿರುಗಿಸಿ "ಎಸ್‌ಎಸ್‌ಕೆ, ದಾರ ಮುಂದೆ" ಮಾಡಿದರೆ ಒಂದರ ವಾಲು ಇನ್ನೊಂದು ಕಳೆಯುತ್ತದೆ. ಎಸ್‌ಎಸ್‌ಕೆ ಎಂದರೆ ಎಡಕ್ಕೆ ವಾಲುವ ಎರಡಕ್ಕೊಂದು. ಅದು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಎರಡು ಕುಣಿಕೆಯನ್ನೂ ನಿಟ್ ಮಾಡುವ ಹಾಗೆ ಒಂದೊಂದಾಗಿ ಜಾರಿಸಿದ್ದೀರಾ ನೋಡಿಕೊಳ್ಳಿ.

ಒಂದು ರಿಪೀಟ್ ಚೆನ್ನಾಗಿದೆ, ಪಕ್ಕದ್ದಕ್ಕೆ ಕೂಡುತ್ತಿಲ್ಲ

ಅಗ್ಗದ ಪರೀಕ್ಷೆ: ಮೂಲೆ ಅಂಗಡಿಯಲ್ಲಿ ಚಾರ್ಟ್‌ನ ನಾಲ್ಕು ಜೆರಾಕ್ಸ್ ಮಾಡಿಸಿ, ಕತ್ತರಿಸಿ, ಪಕ್ಕದಲ್ಲೆರಡು ಮೇಲೆರಡು ಅಂಟಿಸಿ. ಕಡ್ಡಿ ಮುಟ್ಟುವ ಮೊದಲೇ ತಪ್ಪು ಕಣ್ಣಿಗೆ ರಾಚುತ್ತದೆ. ಸಾಮಾನ್ಯವಾಗಿ ಸಿಗುವ ಕಾರಣ, ಮೂರಕ್ಕೊಂದು ಗಡಿಯ ಮೇಲೆ ಕೂತಿರುವುದು. ಅದು ಪಕ್ಕದ ರಿಪೀಟಿನಿಂದ ಒಂದು ಕುಣಿಕೆ ಕಿತ್ತುಕೊಳ್ಳುತ್ತದೆ, ಹಾಗಾಗಿ ಗುರುತಿನ ಉಂಗುರವನ್ನು ಅಲ್ಲಿ ಒಂದು ಕುಣಿಕೆ ಸರಿಸಬೇಕು. ಶಾಲಿನ ಎರಡು ಕೊನೆಯಲ್ಲಿ ಪಕ್ಕದ ರಿಪೀಟೇ ಇರುವುದಿಲ್ಲ. ಅಲ್ಲಿ ಮೂರಕ್ಕೊಂದರ ಬದಲು ಎರಡಕ್ಕೊಂದು ಮಾಡಿ. ಪುಸ್ತಕಗಳಲ್ಲಿ "10ರ ಗುಣಕ, ಜೊತೆಗೆ 1" ಅಂತ ಬರೆದಿರುವ ಆ ಒಂದು ಕುಣಿಕೆ ಚಿತ್ರದ ಎರಡು ಬದಿಯೂ ಸಮ ಕಾಣಲಿ ಅಂತ ಇರುವುದು.

ಅಂಚು ಬಿಗಿ, ಅಂಚು ಸುರುಳಿ

ಮಧ್ಯ ಹರಡಿಕೊಂಡು ಮೇಲಿನ ಕೆಳಗಿನ ಅಂಚು ಎಳೆದುಕೊಂಡರೆ ಕುಣಿಕೆ ಹಾಕಿದ್ದು ಅಥವಾ ಮುಚ್ಚಿದ್ದು ಬಿಗಿಯಾಗಿದೆ. ಶುರು ಮಾಡುವಾಗ ಎರಡು ಸೈಜ್ ದಪ್ಪ ಕಡ್ಡಿ ಬಳಸಿ. ಮುಚ್ಚುವಾಗ ಎರಡು ಕುಣಿಕೆಯನ್ನು ಹಿಂದಿನ ಕಾಲಿನಿಂದ ಸೇರಿಸಿ ನಿಟ್ ಮಾಡಿ, ಬಂದ ಕುಣಿಕೆಯನ್ನು ಎಡಗೈ ಕಡ್ಡಿಗೆ ವಾಪಸ್ ಹಾಕಿ, ಮುಂದಿನದರ ಜೊತೆ ಮತ್ತೆ ಹಾಗೇ ಮಾಡಿ. ಈ ಅಂಚು ಎಳೆದಷ್ಟು ಹಿಗ್ಗುತ್ತದೆ. ಪಕ್ಕದ ಅಂಚು ಸುರುಳಿ ಸುತ್ತಿದರೆ ಎರಡು ಬದಿಗೆ ನಾಲ್ಕು ನಾಲ್ಕು ಕುಣಿಕೆ ಎಲ್ಲ ಸಾಲಿನಲ್ಲೂ ನಿಟ್ ಮಾಡಿ. ಅಂಚು ಅಲೆ ಅಲೆಯಾಗಿ ಬಂದರೆ ಹೆದರಬೇಡಿ. ತೂತುಗಳು ಒಂದು ಕಡೆ, ಎರಡಕ್ಕೊಂದುಗಳು ಇನ್ನೊಂದು ಕಡೆ ಗುಂಪಾಗಿದ್ದರೆ ಹಾಗೇ ಆಗುವುದು. ಫೆದರ್ ಅಂಡ್ ಫ್ಯಾನ್‌ನ ಚೆಂದ ಇರುವುದೇ ಅದರಲ್ಲಿ.

ನೆನೆಸಿ, ಪಿನ್ ಹಾಕಿ ಒಣಗಿಸಿದರೂ ಮತ್ತೆ ಮುದುಡುತ್ತದೆ

ನನ್ನ ಶಾಲಿನ ನಾಲ್ಕನೇ ರೋಗ. ಅಂಗಡಿಯವರು ಉಣ್ಣೆ ಅಂದಿದ್ದರು, ನಾನೂ ನಂಬಿದ್ದೆ. ನಮ್ಮಲ್ಲಿ "ಉಲ್ಲನ್" ಅಂತ ಮಾರುವ ದಾರದಲ್ಲಿ ಬಹಳಷ್ಟು ಅಕ್ರಿಲಿಕ್. ಉಣ್ಣೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಎಳೆದು ಪಿನ್ ಮಾಡಿದರೆ ಒಣಗಿದ ಮೇಲೆ ಹಾಗೇ ನಿಲ್ಲುತ್ತದೆ. ಅಕ್ರಿಲಿಕ್ ಹಾಗೆ ನಿಲ್ಲುವುದಿಲ್ಲ.

ಮೊದಲು ಪೂರ್ತಿ ಒಣಗಿದೆಯಾ ನೋಡಿ. ಜುಲೈ ಜಡಿಮಳೆಯಲ್ಲಿ ಬೆಂಗಳೂರಿನ ಮನೆಯೊಳಗೆ ಫ್ಯಾನ್ ಕೆಳಗಿಟ್ಟರೂ ಎರಡು ದಿನ ಹಿಡಿಯಬಹುದು. ತೇವ ಇರುವಾಗ ಪಿನ್ ತೆಗೆದರೆ ಉಣ್ಣೆಯೂ ಮುದುಡುತ್ತದೆ.

ಒಣಗಿಯೂ ಮುದುಡಿದರೆ ದಾರ ಸುಟ್ಟು ನೋಡಿ. ಎರಡು ಇಂಚು ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರು ತುಂಬಿದ ಸ್ಟೀಲ್ ತಟ್ಟೆ ಇಟ್ಟು, ಕಿಟಕಿ ತೆರೆದು ಬೆಂಕಿ ಕಡ್ಡಿ ಗೀರಿ. ಕೈಯಲ್ಲಿ ಹಿಡಿಯಬೇಡಿ, ಅಕ್ರಿಲಿಕ್ ಕರಗಿ ತೊಟ್ಟಿಕ್ಕುತ್ತದೆ, ಚರ್ಮಕ್ಕೆ ಅಂಟಿದರೆ ಕೆಟ್ಟದಾಗಿ ಸುಡುತ್ತದೆ. ಮಕ್ಕಳು, ನೈಲಾನ್ ಸೀರೆ ಸೆರಗು ಎರಡೂ ದೂರ ಇರಲಿ. ಕೂದಲು ಸುಟ್ಟ ವಾಸನೆ ಬಂದು, ತಾನೇ ಆರಿ, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿ ಉಳಿದರೆ ಅಕ್ರಿಲಿಕ್.

ಅಕ್ರಿಲಿಕ್‌ಗೆ ಉಳಿದಿರುವ ದಾರಿ ಹಬೆ. ಪಿನ್ ಮಾಡಿ, ಸ್ಟೀಮ್ ಇಸ್ತ್ರಿ ಪೆಟ್ಟಿಗೆಯನ್ನು ಎರಡು ಮೂರು ಸೆಂ.ಮೀ. ಮೇಲೆ ಹಿಡಿದು ಹಬೆ ಬಿಡಿ. ಮುಟ್ಟಿಸಬೇಡಿ. ಒಮ್ಮೆ ಜಾಸ್ತಿ ಬಿಸಿ ತಾಗಿದರೆ ದಾರ ಸತ್ತು ಜೋತುಬೀಳುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಅದಕ್ಕೇ ಮೊದಲು ಸ್ಯಾಂಪಲ್ ತುಂಡಿನ ಮೇಲೆ ಮಾಡಿ. ಪಿನ್ ತುಕ್ಕು ಹಿಡಿಯದ ಸ್ಟೀಲಿನದಾಗಿರಲಿ. ಹಾಕುವಾಗ ಎಣಿಸಿ, ತೆಗೆಯುವಾಗಲೂ ಎಣಿಸಿ. ನಮ್ಮ ಮನೆಯಲ್ಲಿ 60 ಹಾಕಿ 59 ತೆಗೆದ ದಿನ ಉಳಿದ ಒಂದು ಸಿಕ್ಕಿದ್ದು ಅಪ್ಪನ ಕಾಲಿಗೆ.

ಬೆರಳು ಜೋಮು ಹಿಡಿಯುತ್ತಿದೆ

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ, ಅದರಲ್ಲೂ ರಾತ್ರಿ ಎಚ್ಚರ ಆಗುವಷ್ಟು ಆದರೆ ಹೆಣಿಗೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕಡ್ಡಿ ಬದಲಿಸಿ ವಾಸಿ ಮಾಡಿಕೊಳ್ಳುವ ತೊಂದರೆ ಅಲ್ಲ ಅದು. ಬರೀ ಮಣಿಕಟ್ಟು ದಣಿಯುತ್ತಿದ್ದರೆ ಉದ್ದ ಕಡ್ಡಿ ಬಿಟ್ಟು ಸರ್ಕ್ಯುಲರ್ ಕಡ್ಡಿ ಹಿಡಿಯಿರಿ, ಶಾಲಿನ ಭಾರ ಮಡಿಲಿಗೆ ಬೀಳುತ್ತದೆ.

ಕುಣಿಕೆ ಜಾರಿ ಕೆಳಗೆ ಓಡಿತು

ಎಳೆಯಬೇಡಿ. ಹರಡಿ ನೋಡಲೂ ಬೇಡಿ. ಮೊದಲು ಆ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ. ಸಾದಾ ಭಾಗದಲ್ಲಿ ಓಡಿದ್ದರೆ ಕ್ರೋಶಾ ಕಡ್ಡಿಯಿಂದ ಏಣಿ ಹತ್ತಿಸಿದ ಹಾಗೆ ಮೇಲೆ ತರಬಹುದು. ತೂತು ಅಥವಾ ಎರಡಕ್ಕೊಂದರ ಮೇಲೆ ಓಡಿದ್ದರೆ ಕಷ್ಟ. ಎರಡಕ್ಕೊಂದರಲ್ಲಿ ಒಂದು ಕುಣಿಕೆ ಎರಡಾಗಿ ಬಿಚ್ಚುತ್ತದೆ. ಯಾವ ಅಡ್ಡ ದಾರ ಯಾವ ಸಾಲಿನದು ಅಂತ ಗೊತ್ತಾಗುವುದಿಲ್ಲ. ನಾಲ್ಕು ಸಾಲಿಗಿಂತ ಕೆಳಗೆ ಹೋಗಿದ್ದರೆ ನಿಲ್ಲಿಸಿ, ಲೇಸ್ ಓದಲು ಬರುವ ಇನ್ನೊಬ್ಬರಿಗೆ ತೋರಿಸಿ.

ಇದಕ್ಕೆ ಮೊದಲೇ ಮಾಡಿಟ್ಟುಕೊಳ್ಳುವ ಉಪಾಯ, ಪ್ರತಿ ರಿಪೀಟ್ ಮುಗಿದಾಗ ಪರ್ಲ್ ಸಾಲಿನ ಎಲ್ಲ ಕುಣಿಕೆಗಳ ಒಳಗಿಂದ ಒಂದು ನಯವಾದ ಸಣ್ಣ ದಾರ ಪೋಣಿಸುವುದು. ಬಣ್ಣ ಬಿಡದ ದಾರ ಇರಲಿ. ಹಲ್ಲು ಉಜ್ಜುವ ಫ್ಲಾಸ್ ಆದರೂ ಸರಿ. ಗುರುತಿನ ಉಂಗುರದೊಳಗೆ ಮಾತ್ರ ಪೋಣಿಸಬೇಡಿ, ಉಂಗುರ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಏನೇ ಎಡವಟ್ಟಾದರೂ ಬಿಚ್ಚುವುದು ಅಲ್ಲಿಯವರೆಗೆ ಮಾತ್ರ.

ನನ್ನದು ಓಡಿದ್ದು ಬಸ್ಸಿನಲ್ಲಿ, ಡ್ರೈವರ್ ಬ್ರೇಕ್ ಹಾಕಿದಾಗ. ಚೂಪು ಕಡ್ಡಿ ಪಕ್ಕದವರಿಗೆ ಚುಚ್ಚದ್ದು ಪುಣ್ಯ. ಅವತ್ತಿನಿಂದ ಬಸ್ಸಿನಲ್ಲಿ ಹೆಣೆಯುವುದು ಬಿಟ್ಟೆ. ಆರು ಸಾಲು ಕೆಳಗೆ ಹೋಗಿತ್ತು, ಪೋಣಿಸಿದ ದಾರ 40 ಸಾಲು ಹಿಂದೆ ಇತ್ತು. ಪಿನ್ ಹಾಕಿ, ಶಾಲನ್ನು ದಿಂಬಿನ ಕವರ್‌ನಲ್ಲಿ ಸುತ್ತಿ ನೇರ ಚಿಕ್ಕಮ್ಮನ ಮನೆಗೆ ಹೋದೆ. ಅವರು ಸಾಲು ಎಣಿಸಲು ಇಟ್ಟುಕೊಂಡಿರುವ ಹುಣಸೆ ಬೀಜದ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಕಿಟಕಿ ಹತ್ತಿರ ಕೂತು, ಬಟ್ಟೆಯನ್ನು ಕಪ್ಪು ಬ್ಲೌಸ್ ಪೀಸಿನ ಮೇಲೆ ಹರಡಿದರು. "ಕಾಫಿ ಬೆರೆಸಿಕೊಂಡು ಬಾ. ಅಲ್ಲಿವರೆಗೂ ಮಾತಾಡಿಸಬೇಡ" ಅಂದರು.